ಸಂಶಯ ಊರನ್ನೇ ಹಿಡಿದಾಗ: ವಾರ್ಷಿಕೋತ್ಸವಕ್ಕೆ ಯಾವ ನಾಟಕ ಆರಿಸೋಣ?

ನವೆಂಬರ್ ಬಂತೆಂದರೆ ನಮ್ಮ ಕಾಸರಗೋಡು ಕಡೆಯ ವಾಚನಾಲಯ, ಕಲಾವೃಂದಗಳಲ್ಲಿ ಒಂದೇ ಮಾತು: ಈ ಸಲ ವಾರ್ಷಿಕೋತ್ಸವಕ್ಕೆ ಯಾವ ನಾಟಕ? ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳ, ಎಲ್ಲಿಂದಲೂ ಫೋನು ಬರುತ್ತದೆ. ಮೊದಲೆಲ್ಲ ನಗೆ ನಾಟಕ ಕೇಳುತ್ತಿದ್ದರು. ಎರಡು ಮೂರು ವರ್ಷಗಳಿಂದ ಹುಡುಗರು ಬೇರೆ ಕೇಳುತ್ತಿದ್ದಾರೆ. "ಮಾಸ್ಟ್ರೇ, ಈಗಿನ ಕಾಲದ್ದನ್ನು ಹೇಳಬೇಕು, ಆದರೆ ಕಥೆ ಹಳೆಯದಿರಲಿ. ಒಬ್ಬರ ಮೇಲೊಬ್ಬರಿಗೆ ಸಂಶಯ, ಬೆರಳು ತೋರಿಸುವುದು, ಜನ ಸೇರಿ ಬಡಿಯುವುದು, ಅದು ಬರಬೇಕು." ಕೆಲವರು 'ದಿ ಕ್ರೂಸಿಬಲ್' ಅನ್ನುತ್ತಾರೆ. ಕೆಲವರು 'ತುಘಲಕ್' ಅನ್ನುತ್ತಾರೆ. 'ತಲೆದಂಡ'ವೋ 'ಗೆಲಿಲಿಯೊ'ವೋ ಎಂದು ತೂಗುವವರೂ ಇದ್ದಾರೆ. ಐದು ನಿಮಿಷದ ಫೋನಿನಲ್ಲಿ ಮುಗಿಯುವ ಮಾತಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಈ ವಿಷಯ ನನ್ನನ್ನು ಹಿಡಿದುಕೊಂಡದ್ದಕ್ಕೆ ಒಂದು ಕಾರಣ ಇದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸುದ್ದಿ ದೇಶವೆಲ್ಲ ಓಡಾಡಿತು. ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾ ಎಂಬ ಹಳ್ಳಿಯಲ್ಲಿ ಜುಲೈ 1ರಂದು ಐದು ಜನ ಅಲೆಮಾರಿಗಳನ್ನು ಜನ ಬಡಿದು ಕೊಂದರು. ಅದೇ ದಿನಗಳಲ್ಲಿ ನಮ್ಮ ಪೇಟೆಯಲ್ಲಿ ಕಂಬಳಿ ಮಾರಲು ಬಂದ ಇಬ್ಬರನ್ನು ಸುತ್ತುಗಟ್ಟಿ ಆಧಾರ್ ಕಾರ್ಡ್ ಕೇಳಿದರು. ಚೀಲ ಬಿಚ್ಚಿಸಿದರು. ಒಳಗೆ ಕಂಬಳಿಯೇ ಇತ್ತು. ಆ ಇಬ್ಬರು ಕೈ ನಡುಗಿಸುತ್ತಾ ಮತ್ತೆ ಮಡಚಿ ಕಟ್ಟಿಕೊಂಡರು. ಸುತ್ತ ಇದ್ದವರೆಲ್ಲ ನನಗೆ ಗೊತ್ತಿದ್ದವರು. ನಾನೂ ಹೋಟೆಲಿನ ಮೆಟ್ಟಿಲ ಮೇಲೆ ನಿಂತಿದ್ದೆ. ಒಂದು ಮಾತೂ ಆಡಲಿಲ್ಲ. ಅವತ್ತಿನಿಂದ ನಾಟಕ ಆರಿಸುವಾಗ ನನಗೆ ಮೊದಲು ನೆನಪಾಗುವುದು ಆ ಮೆಟ್ಟಿಲು.

ತೂಗುವುದು ಹೇಗೆ?

ಮೊದಲು ಅಳತೆಗೋಲು ಸರಿ ಮಾಡಿಕೊಳ್ಳೋಣ. ಎಲ್ಲದಕ್ಕಿಂತ ಮುಖ್ಯವಾದ ಪ್ರಶ್ನೆ: ಈ ನಾಟಕದಲ್ಲಿ ಭಯ ಎಲ್ಲಿಂದ ಬರುತ್ತದೆ? ಅರಮನೆಯಿಂದ ಕೆಳಗೆ ಇಳಿಯುತ್ತದೋ, ಪಕ್ಕದ ಮನೆಯ ಅಂಗಳದಿಂದ ಬರುತ್ತದೋ? ಎರಡೂ ನಿಜವೇ. ಆದರೆ ನೋಡುವವರ ಮೇಲೆ ಆಗುವ ಪರಿಣಾಮ ಬೇರೆ. ಅರಸನಿಂದ ಬಂದರೆ ನೋಡುವವನು ಅರಸನನ್ನು ಬೈದು ಮನೆಗೆ ಹೋಗುತ್ತಾನೆ. ಪಕ್ಕದ ಮನೆಯಿಂದ ಬಂದರೆ ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ. ನಿಮಗೆ ಯಾವುದು ಬೇಕು ಎಂದು ಕಮಿಟಿಯಲ್ಲಿ ಮೊದಲು ಮಾತಾಡಿಕೊಳ್ಳಿ.

ಎರಡನೆಯದು ದೂರ. ಹಳೆಯ ಕಥೆ ಏಕೆ ಬೇಕು? ಮುಂದಿನ ಸಾಲಲ್ಲಿ ಎಲ್ಲ ಪಕ್ಷದವರೂ ಕೂತಿರುತ್ತಾರೆ. ಇಂದಿನ ಹೆಸರು ಹೇಳಿದ ಕೂಡಲೇ ಅರ್ಧ ಜನ ಕಿವಿ ಮುಚ್ಚಿಕೊಳ್ಳುತ್ತಾರೆ, ಉಳಿದರ್ಧ ಚಪ್ಪಾಳೆ ಹೊಡೆಯುತ್ತಾರೆ. ಎರಡೂ ಕಡೆಯವರು ನಾಟಕ ನೋಡುವುದನ್ನು ನಿಲ್ಲಿಸಿರುತ್ತಾರೆ. ಮುನ್ನೂರು ವರ್ಷದ ಹಿಂದಿನ ಕಥೆಯಾದರೆ ಕೊನೆಯ ತನಕ ಕೂರುತ್ತಾರೆ, ಮನೆಗೆ ಹೋಗುವ ದಾರಿಯಲ್ಲಿ ಹೊಂದಿಸಿಕೊಳ್ಳುತ್ತಾರೆ. ಆದರೆ ಜಾಸ್ತಿ ದೂರ ಹೋದರೆ ಅದು ಬರೀ ಪಾಠವಾಗುತ್ತದೆ.

ಆಮೇಲೆ ಜನ. ಎಷ್ಟು ಪಾತ್ರ, ಅದರಲ್ಲಿ ಹೆಣ್ಣುಮಕ್ಕಳದ್ದೆಷ್ಟು? ನಮ್ಮ ಕಡೆ ಕೊನೆಯ ಬಸ್ಸು ತಪ್ಪಿದರೆ ಹುಡುಗಿಯರು ಮನೆ ಸೇರುವುದು ಕಷ್ಟ. ರಿಹರ್ಸಲ್ ಸಂಜೆ ಆರಕ್ಕೆ ಮುಗಿಯಬೇಕು ಅಂದರೆ ಅದನ್ನು ಮೊದಲೇ ಲೆಕ್ಕ ಹಾಕಬೇಕು.

ಹೊತ್ತು ಇನ್ನೊಂದು. ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಇಡುವಂತಿಲ್ಲ. ಸಭಾ ಕಾರ್ಯಕ್ರಮ, ಸನ್ಮಾನ, ಬಹುಮಾನ, ಮಕ್ಕಳ ಡ್ಯಾನ್ಸು ಮುಗಿದು ನಾಟಕ ಶುರುವಾಗುವಾಗ ಎಂಟು ದಾಟಿರುತ್ತದೆ. ಎರಡು ಗಂಟೆಗಿಂತ ಉದ್ದದ ನಾಟಕವನ್ನು ಕತ್ತರಿಸಲೇಬೇಕು, ಇಲ್ಲವೇ ಸಭೆಯನ್ನು ಕತ್ತರಿಸಬೇಕು. ನಾನಂತೂ ಸಭೆಯನ್ನು ಕತ್ತರಿಸಿ ಅನ್ನುತ್ತೇನೆ.

ಕೊನೆಗೆ ದುಡ್ಡು ಮತ್ತು ಹಕ್ಕು. ಹಕ್ಕಿನ ಬಗ್ಗೆ ಬಹಳ ಜನ ಸುಮ್ನೆ ಹೆದರುತ್ತಾರೆ. ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಕಲಂ ಪ್ರಕಾರ ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಆಡಿದರೆ ಅದು ಉಲ್ಲಂಘನೆ ಆಗುವುದಿಲ್ಲ. ಟಿಕೆಟ್ ಇಟ್ಟರೆ ಅನುಮತಿ ಬೇಕು. ನಾಟಕವನ್ನು ಹೊಸದಾಗಿ ಅನುವಾದ ಮಾಡಿ ಅಚ್ಚು ಹಾಕುವುದಾದರೆ ಅದು ಬೇರೆಯೇ ವಿಷಯ, ಅದಕ್ಕೆ ಒಪ್ಪಿಗೆ ಪಡೆಯಿರಿ. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ.

ದಿ ಕ್ರೂಸಿಬಲ್: ಪಕ್ಕದ ಮನೆಯ ಭಯ

ಕ್ರೂಸಿಬಲ್ ಅಂದರೆ ಅಕ್ಕಸಾಲಿಗರು ಚಿನ್ನ ಕರಗಿಸುವ ಮೂಸೆ. ಆರ್ಥರ್ ಮಿಲ್ಲರ್ ಬರೆದ ಈ ನಾಟಕ ನ್ಯೂಯಾರ್ಕಿನಲ್ಲಿ ಮೊದಲು ರಂಗಕ್ಕೆ ಬಂದದ್ದು 1953ರ ಜನವರಿಯಲ್ಲಿ. ಕಥೆ ನಡೆಯುವುದು 1692ರಲ್ಲಿ, ಮ್ಯಾಸಚೂಸೆಟ್ಸ್‌ನ ಸೇಲಂ ಎಂಬ ಊರಿನಲ್ಲಿ. ಸೇಲಂ ಅಂದ ಕೂಡಲೇ ನಮ್ಮವರು ತಮಿಳುನಾಡಿನದ್ದು ಅಂದುಕೊಳ್ಳುತ್ತಾರೆ. ನೋಟೀಸಿನಲ್ಲೇ ಅಮೆರಿಕದ್ದು ಎಂದು ಹಾಕಿಬಿಡಿ.

ಪಾದ್ರಿಯ ಮನೆಯ ಹುಡುಗಿ ಹಾಸಿಗೆಯಿಂದ ಏಳುವುದಿಲ್ಲ. ವೈದ್ಯರಿಗೆ ಕಾರಣ ಸಿಗುವುದಿಲ್ಲ. ಹಿಂದಿನ ರಾತ್ರಿ ಹುಡುಗಿಯರು ಕಾಡಿನಲ್ಲಿ ಕುಣಿದದ್ದು ಹೊರಗೆ ಬಿದ್ದಿದೆ. ಪೆಟ್ಟು ತಪ್ಪಿಸಿಕೊಳ್ಳಲು ಅವರು ಹೆಸರು ಹೇಳಲು ಶುರು ಮಾಡುತ್ತಾರೆ: ಇಂಥವಳು ಮಾಟಗಾತಿ, ಇಂಥವಳನ್ನು ಸೈತಾನನ ಜೊತೆ ಕಂಡೆ. ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗುವಿಗೆ ಜ್ವರ ಇಳಿಯದಿದ್ದರೆ, ಹಸು ಕರು ಹಾಕದಿದ್ದರೆ "ಯಾರೋ ಮಾಡಿಸಿದ್ದಾರೆ" ಅನ್ನುವ ಮಾತು, ಜೋಯಿಸರಲ್ಲಿ ಪ್ರಶ್ನೆ ಇಡಿಸುವುದು, ಆಮೇಲೆ ಇಂಥ ದಿಕ್ಕಿನ ಮನೆಯವರು ಅಂತ ಪಿಸುಗುಡುವುದು, ಇವೆಲ್ಲ ನಮಗೆ ಗೊತ್ತಿದ್ದದ್ದೇ ಅಲ್ವಾ?

ನಿಜವಾಗಿ ನಡೆದದ್ದೂ ಇದೇ. ಸೇಲಂನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಸುಟ್ಟರು ಎಂದು ಕೆಲವರು ಹೇಳುತ್ತಾರೆ, ಅದು ತಪ್ಪು. ಗೈಲ್ಸ್ ಕೋರಿ ಎಂಬ ಮುದುಕನ ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಆರೋಪ ಹೊತ್ತವರು 150ಕ್ಕೂ ಜಾಸ್ತಿ. ಅಲ್ಲಿನ ನ್ಯಾಯದ ಲೆಕ್ಕ ಹೀಗಿತ್ತು: ತಪ್ಪು ಒಪ್ಪಿಕೊಂಡವರು ಬದುಕಿದರು, ಮಾಡಿಲ್ಲ ಎಂದವರು ಸತ್ತರು. ನಾಟಕದಲ್ಲಿ ಇನ್ನೊಂದು ಎಳೆ ಇದೆ, ಅಡಿಕೆ ತೋಟದ ಊರುಗಳಲ್ಲಿ ಅದು ನೇರ ನಾಟುತ್ತದೆ. ಪುಟ್ನಂ ಎಂಬ ಜಮೀನುದಾರನ ಕಣ್ಣು ಪಕ್ಕದವರ ಜಾಗದ ಮೇಲೆ. ಗಡಿಕಲ್ಲಿನ ತಕರಾರು ಹಳೆಯದು. ಪಕ್ಕದವನು ಮಾಟಗಾರ ಎಂದಾದರೆ ಜಮೀನು ಏಲಂಗೆ ಬರುತ್ತದೆ, ಕೊಳ್ಳುವಷ್ಟು ದುಡ್ಡು ಇರುವುದು ಪುಟ್ನಂಗೆ. ಸೈತಾನನ ಭಯದ ಅಡಿಯಲ್ಲಿ ಸರ್ವೆ ನಂಬರು ಇದೆ.

ಮಿಲ್ಲರ್ ಇದನ್ನು ಬರೆದದ್ದು ತನ್ನ ಕಾಲದ ಅಮೆರಿಕವನ್ನು ನೋಡಿ. ಸೆನೆಟರ್ ಜೋಸೆಫ್ ಮೆಕಾರ್ಥಿ 1950ರಲ್ಲಿ ಸರ್ಕಾರದೊಳಗೆ ಕಮ್ಯುನಿಸ್ಟರಿದ್ದಾರೆ ಎಂದು ಎಬ್ಬಿಸಿದ ಕೂಗಿನಿಂದ ಎಷ್ಟೋ ಜನರ ಕೆಲಸ ಹೋಯಿತು, ಹೆಸರು ಕೆಟ್ಟಿತು. ಅಮೆರಿಕದ ಕೆಳಮನೆಯ ಒಂದು ತನಿಖಾ ಸಮಿತಿ ಆಗಲೇ ಸಿನಿಮಾ, ನಾಟಕದವರನ್ನು ಕರೆಸಿ ಕೇಳುತ್ತಿತ್ತು: ಸಭೆಯಲ್ಲಿ ನಿನ್ನ ಜೊತೆ ಇನ್ಯಾರಿದ್ದರು? ಹೆಸರು ಹೇಳು. ನಾಟಕ ಬಂದ ಮೂರು ವರ್ಷಕ್ಕೆ, 1956ರಲ್ಲಿ, ಮಿಲ್ಲರನ್ನೇ ಆ ಸಮಿತಿ ಕರೆಯಿತು. ತನ್ನ ವಿಷಯ ಹೇಳಿದ, ಬೇರೆಯವರ ಹೆಸರು ಹೇಳಲಿಲ್ಲ. 1957ರಲ್ಲಿ ಶಿಕ್ಷೆಯಾಯಿತು, 1958ರಲ್ಲಿ ಮೇಲಿನ ಕೋರ್ಟಿನಲ್ಲಿ ಅದು ರದ್ದಾಯಿತು. ಅವನ ನಾಟಕದ ನಾಯಕ, ಮಾಟದ ಆರೋಪ ಹೊತ್ತ ರೈತ ಜಾನ್ ಪ್ರಾಕ್ಟರ್ ಕೊನೆಯ ಅಂಕದಲ್ಲಿ ಎದುರಿಸುವುದೂ ಇದೇ ಪ್ರಶ್ನೆಯನ್ನು. ತಾನು ಬರೆದದ್ದನ್ನು ತಾನೇ ಬದುಕಬೇಕಾಗಿ ಬಂತು ಆ ಮನುಷ್ಯನಿಗೆ.

ಎಲ್ಲವೂ ಚರಿತ್ರೆಯಲ್ಲ. ಹೆಸರು ಹೇಳುವ ಹುಡುಗಿಯರ ಮುಂದಾಳು, ನಿಜವಾದ ಅಬಿಗೇಲ್ ವಿಲಿಯಮ್ಸ್‌ಗೆ 11 ವರ್ಷ, ನಾಟಕದಲ್ಲಿ 17. ಪ್ರಾಕ್ಟರ್‌ಗೆ ಅರವತ್ತರ ಹತ್ತಿರ, ನಾಟಕದಲ್ಲಿ ಮೂವತ್ತೈದರ ಆಸುಪಾಸು. ಅವರಿಬ್ಬರ ನಡುವಿನ ಸಂಬಂಧ ಮಿಲ್ಲರನ ಕಲ್ಪನೆ. ಮನೆಮಂದಿ ಕೂತು ನೋಡುವಾಗ ಈ ಭಾಗ ಹೇಗೆ ಎಂದು ಕೇಳುವವರಿದ್ದಾರೆ. ತೆಗೆದುಹಾಕಬೇಡಿ. ಮೂರನೇ ಅಂಕದಲ್ಲಿ ಗಂಡನ ಮಾನ ಉಳಿಸಲು ಪ್ರಾಕ್ಟರನ ಹೆಂಡತಿ ಹೇಳುವ ಒಂದೇ ಒಂದು ಸುಳ್ಳಿನ ಮೇಲೆ ಇಡೀ ನಾಟಕ ತಿರುಗುತ್ತದೆ. ಆ ಸುಳ್ಳಿಗೆ ಕಾರಣ ಬೇಕು. ಮುಟ್ಟಿ ತೋರಿಸಬೇಕಾಗಿಲ್ಲ, ಎರಡು ಮಾತು ಸಾಕು.

ನಾವು ಆಡಿದಾಗ ನಡೆದದ್ದು ಒಂದು ಹೇಳುತ್ತೇನೆ. ಎರಡನೇ ಅಂಕದಲ್ಲಿ ಮನೆಕೆಲಸದ ಹುಡುಗಿ ಮೇರಿ ತಾನು ಹೊಲಿದ ಗೊಂಬೆಯನ್ನು ಪ್ರಾಕ್ಟರನ ಹೆಂಡತಿ ಎಲಿಜಬೆತ್‌ಗೆ ಕೊಡುತ್ತಾಳೆ. ಆಮೇಲೆ ಕೋರ್ಟಿನವರು ಬಂದು ಆ ಗೊಂಬೆಯಲ್ಲಿ ಸೂಜಿ ಕಾಣುತ್ತಾರೆ. ನಮ್ಮ ಗೊಂಬೆಯನ್ನು ಹಳೇ ಬೈರಾಸಿನಿಂದ ಹೊಲಿದು ಬೂರುಗದ ಹತ್ತಿ ತುಂಬಿದ್ದೆವು. ಸೂಜಿ ದೂರಕ್ಕೆ ಕಾಣಲಿ ಎಂದು ಗೋಣಿ ಹೊಲಿಯುವ ದಬ್ಬಣ ಇಟ್ಟೆವು. ಕೋರ್ಟಿನ ಗುಮಾಸ್ತ ಚೀವರ್ ಪಾತ್ರದ ಹುಡುಗ ಗೊಂಬೆಯ ಲಂಗ ಎತ್ತಿ, ದಬ್ಬಣವನ್ನು ನಿಧಾನಕ್ಕೆ ಎಳೆದು, ಲೈಟಿಗೆ ಹಿಡಿದ. ಹೊಟ್ಟೆಯಿಂದ ಒಂದು ಎಸಳು ಹತ್ತಿ ಅದರ ಜೊತೆ ಬಂದು ಗಾಳಿಗೆ ಅಲ್ಲಾಡಿತು. ಹೆಂಗಸರ ಬದಿಯಿಂದ ಒಬ್ಬರು ಅಜ್ಜಿ ದೊಡ್ಡದಾಗಿ, "ಅಯ್ಯೋ ದೇವ್ರೇ, ಇವಳೇ ಮಾಡಿದ್ದಾ!" ಅಂದರು. ಮೇರಿ ಗೊಂಬೆ ಕೊಟ್ಟದ್ದನ್ನು ಆ ಅಜ್ಜಿ ಹತ್ತು ನಿಮಿಷದ ಹಿಂದೆ ಕಣ್ಣಾರೆ ನೋಡಿದ್ದರು. ಎಲ್ಲರೂ ನೋಡಿದ್ದರು. ಆದರೂ ಸೂಜಿ ಕಂಡ ಕೂಡಲೇ ನೋಡಿದ್ದು ಮರೆತುಹೋಯಿತು. ಅಂಗಳ ಪೂರ್ತಿ ತಣ್ಣಗಾಯಿತು. ಸಂಶಯ ಹೇಗೆ ಹುಟ್ಟುತ್ತದೆ ಎಂದು ಹೇಳಲು ಇದಕ್ಕಿಂತ ಒಳ್ಳೆಯ ನಾಟಕವನ್ನು ನಾನು ಕಂಡಿಲ್ಲ.

ಈಗ ಕಷ್ಟಗಳು. ಪಾತ್ರ 21, ಅದರಲ್ಲಿ 10 ಹೆಣ್ಣು. ಸಣ್ಣ ಪಾತ್ರಗಳನ್ನು ಸೇರಿಸಿದರೆ 15ರಲ್ಲಿ ಮಾಡಬಹುದು, ಅದಕ್ಕಿಂತ ಕಮ್ಮಿ ಆಗದು. ಹುಡುಗಿಯರು ಆರು ಜನರಾದರೂ ಬೇಕೇ ಬೇಕು, ಅವರು ಒಟ್ಟಿಗೆ ಅಭ್ಯಾಸ ಮಾಡಲೇಬೇಕು. ಕೋರ್ಟಿನಲ್ಲಿ ಎಲ್ಲರೂ ಒಂದೇ ಸಲ ಮೇಲೆ ನೋಡಿ ಹಕ್ಕಿ ಕಂಡವರಂತೆ ಕಿರುಚುವ ಜಾಗ ಇದೆ. ಒಬ್ಬಳು ತಡವಾದರೂ ನಗೆ ಬರುತ್ತದೆ. ನಾಲ್ಕು ಅಂಕ, ಪೂರ್ತಿ ಆಡಿದರೆ ಮೂರು ಗಂಟೆಯ ಹತ್ತಿರ. ಮೊದಲನೇ ಅಂಕದ ನಡುವೆ ಲೇಖಕನ ಉದ್ದುದ್ದ ವಿವರಣೆ ಇದೆ, ಅದು ಓದುವವರಿಗೆ, ರಂಗಕ್ಕಲ್ಲ. ಅದನ್ನು ಬಿಟ್ಟು, ಮೊದಲ ಅಂಕವನ್ನು ಅರ್ಧ ಮಾಡಿದರೆ ಎರಡು ಗಂಟೆಯೊಳಗೆ ತರಬಹುದು. ಖರ್ಚು ಹೆಚ್ಚಿಲ್ಲ: ಕಪ್ಪು, ಕಂದು ಬಟ್ಟೆ, ಬಿಳಿ ಟೊಪ್ಪಿ, ಎರಡು ಬೆಂಚು, ಒಂದು ಮೇಜು. ಮಿಲ್ಲರ್ ತೀರಿಕೊಂಡದ್ದು 2005ರಲ್ಲಿ, ಹಕ್ಕು ಇನ್ನೂ ಇದೆ. ಟಿಕೆಟ್ ಇಡುವುದಾದರೆ ನೆನಪಿಟ್ಟುಕೊಳ್ಳಿ.

ಎರಡು ಮಾತು ಕೈಮುಗಿದು ಹೇಳುತ್ತೇನೆ. ಕಥೆಯನ್ನು ನಮ್ಮ ಊರಿಗೆ ತಂದು ಹೆಸರು ಬದಲಿಸಬೇಡಿ. ಸೇಲಂ ಸೇಲಂ ಆಗಿಯೇ ಇರಲಿ. ನಮ್ಮ ದೈವ, ನಮ್ಮ ಪ್ರಶ್ನೆ ತಂದ ಕೂಡಲೇ ನಾಟಕ ನಂಬಿಕೆಯ ಜಗಳವಾಗುತ್ತದೆ, ಬೆರಳು ತೋರಿಸುವವರ ಕಥೆ ಹಿಂದೆ ಸರಿಯುತ್ತದೆ. ಇನ್ನೊಂದು, ಟಿಟುಬಾ ಎಂಬ ಗುಲಾಮ ಹೆಂಗಸಿನ ಪಾತ್ರಕ್ಕೆ ಮುಖಕ್ಕೆ ಮಸಿ ಬಳಿಯಬೇಡಿ. ಹೊಡೆತದ ಬೆದರಿಕೆಗೆ ಹೆದರಿ ಮೊದಲು ಒಪ್ಪಿಕೊಳ್ಳುವವಳು ಅವಳು, ಊರಿನಲ್ಲಿ ಯಾರೂ ಇಲ್ಲದವಳು. ಅದನ್ನು ಬಣ್ಣ ಹೇಳಬೇಕಾಗಿಲ್ಲ, ಅವಳು ನಿಲ್ಲುವ ಮೂಲೆ ಹೇಳಿದರೆ ಸಾಕು.

ತುಘಲಕ್: ಅರಸನ ಸಂಶಯ

ಗಿರೀಶ ಕಾರ್ನಾಡರು ಇದನ್ನು 1964ರಲ್ಲಿ ಬರೆದರು, ಆಗ ಅವರಿಗೆ 26 ವರ್ಷ. ಹದಿಮೂರು ದೃಶ್ಯ. ಕನ್ನಡದಲ್ಲೇ ಹುಟ್ಟಿದ ಮಾತು, ಬಾಯಲ್ಲಿ ಕೂರುತ್ತದೆ. ಅನುವಾದದ ತಲೆನೋವು ಇಲ್ಲ. ದೊಡ್ಡ ಕನಸಿನ ಸುಲ್ತಾನ, 1327ರಲ್ಲಿ ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಒಯ್ಯುತ್ತಾನೆ, ತಾಮ್ರದ ನಾಣ್ಯ ತರುತ್ತಾನೆ. ಒಂದೊಂದೂ ಕೈಕೊಡುತ್ತಾ ಹೋದಂತೆ ಎಲ್ಲರನ್ನೂ ಸಂಶಯಪಡುತ್ತಾನೆ. ಪ್ರಾರ್ಥನೆಯ ಹೊತ್ತಿನಲ್ಲೇ ಕೊಲೆ ನಡೆಯುತ್ತದೆ, ಆಮೇಲೆ ಪ್ರಾರ್ಥನೆಯನ್ನೇ ನಿಷೇಧಿಸುತ್ತಾನೆ. ಕೊನೆಗೆ ಅವನ ಸುತ್ತ ಯಾರೂ ಉಳಿಯುವುದಿಲ್ಲ.

ನಿಮ್ಮಲ್ಲಿ ಒಬ್ಬ ಗಟ್ಟಿ ನಟ ಇದ್ದರೆ, ಹೆಣ್ಣುಮಕ್ಕಳು ಸಿಗದಿದ್ದರೆ, ಇದೇ ಸರಿ. ಮಲತಾಯಿಯ ಪಾತ್ರ ಬಿಟ್ಟರೆ ದೊಡ್ಡ ಹೆಣ್ಣು ಪಾತ್ರ ಇಲ್ಲ. ಅಗಸ ಅಜೀಜನ ಪಾತ್ರ ಜನರನ್ನು ನಗಿಸುತ್ತದೆ, ನಗುತ್ತಾ ನಗುತ್ತಾ ಹೆದರಿಸುತ್ತದೆ. ಆದರೆ ಮೊದಲ ಅಳತೆಯಲ್ಲಿ ಇದು ಬೇರೆ ಕಡೆಗೆ ವಾಲುತ್ತದೆ. ಇಲ್ಲಿ ಭಯ ಸಿಂಹಾಸನದಿಂದ ಇಳಿಯುತ್ತದೆ. ಜನ ಬೀದಿಯಲ್ಲಿ ಗೊಣಗುತ್ತಾರೆ, ಹಸಿಯುತ್ತಾರೆ, ದಂಗೆ ಏಳುತ್ತಾರೆ, ಆದರೆ ಪಕ್ಕದವನನ್ನು ಹಿಡಿದುಕೊಡುವ ಕೆಲಸ ಅವರ ಕೈಯಲ್ಲಿ ನಡೆಯುವುದು ಕಾಣುವುದಿಲ್ಲ. ಅಧಿಕಾರ ಹುಚ್ಚಾಗುವುದನ್ನು ತೋರಿಸಬೇಕೆಂದಿದ್ದರೆ ಇದಕ್ಕೆ ಸಾಟಿ ಇಲ್ಲ. ಜನ ಹುಚ್ಚಾಗುವುದಾದರೆ ಬೇರೆ ನೋಡಿ.

ಡ್ರೆಸ್ಸಿಗೆ ದುಡ್ಡು ಹೋಗುತ್ತದೆ. ಬಾಡಿಗೆಗೆ ಸಿಗುವ ಝರಿ ಅಂಗಿ, ಕಿರೀಟ ತಂದು ನಾವೊಮ್ಮೆ ಮೋಸಹೋದೆವು. ಸುಲ್ತಾನ ರಂಗಕ್ಕೆ ಬಂದಾಗ ಮಕ್ಕಳು "ಕಂಸ, ಕಂಸ" ಎಂದು ಕೂಗಿದರು. ಸಾದಾ ಬಿಳಿ ನಿಲುವಂಗಿ, ಒಂದು ಶಾಲು, ಇಷ್ಟೇ ಸಾಕಿತ್ತು.

ತಲೆದಂಡ: ಎರಡೂ ಕಡೆಯಿಂದ ಬೆಂಕಿ

ಇದೂ ಕಾರ್ನಾಡರದ್ದೇ, 1990ರದ್ದು. ಮಂಡಲ್ ಮೀಸಲಾತಿಯ ಗಲಾಟೆ, ಅಯೋಧ್ಯೆ ಮಂದಿರದ ಕೂಗು ಎರಡೂ ಏಳುತ್ತಿದ್ದ ದಿನಗಳಲ್ಲಿ ಬರೆದದ್ದು. 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1168ರ ಕಲ್ಯಾಣ. ಸಮಗಾರ ಹರಳಯ್ಯನ ಮಗನಿಗೆ, ಬ್ರಾಹ್ಮಣನಾಗಿ ಹುಟ್ಟಿ ಶರಣನಾದ ಮಧುವರಸನ ಮಗಳನ್ನು ಕೊಟ್ಟು ಮದುವೆ. ಆ ಒಂದು ಮದುವೆಗೆ ಊರು ಹೊತ್ತಿ ಉರಿಯುತ್ತದೆ.

ಈ ನಾಟಕದ ದೊಡ್ಡ ಗುಣ ಜಗದೇವ ಎಂಬ ಹುಡುಗ. ಅವನು ಶರಣರ ಕಡೆಯವನು, ಒಳ್ಳೆಯ ಕಡೆಯವನು. ಅವನೇ ಕೊನೆಗೆ ಕತ್ತಿ ಹಿಡಿದು ಅರಸ ಬಿಜ್ಜಳನನ್ನು ಕೊಲ್ಲುತ್ತಾನೆ. ಹಿಂಸೆ ಅನುಭವಿಸಿದವರ ಒಳಗೂ ಗುಂಪಿನ ಹುಚ್ಚು ಹೊಗಬಹುದು ಎಂದು ಹೇಳುವ ಧೈರ್ಯ ಇದಕ್ಕಿದೆ. ಕೊನೆಯಲ್ಲಿ ಹೊಸ ಅರಸ ಸೋವಿದೇವನ ಡಂಗುರ: ಶರಣರು, ಪರದೇಶಿಗಳು, ಸ್ವತಂತ್ರವಾಗಿ ಯೋಚಿಸುವವರು ಎಲ್ಲ ರಾಜ್ಯ ಬಿಟ್ಟು ಹೊರಡಬೇಕು. ಡೋಲು ಬಾರಿಸಿ ಅದನ್ನು ಸಾರುವಾಗ ಮೈ ಝುಂ ಅನ್ನುತ್ತದೆ.

ಜಾತಿ ಮೀರಿದ ಮದುವೆಯಿಂದ ಮನೆ ಒಡೆದದ್ದನ್ನು ನಿಮ್ಮ ಊರು ಇತ್ತೀಚೆಗೆ ಕಂಡಿದ್ದರೆ ಈ ನಾಟಕ ಬಲವಾಗಿ ತಾಗುತ್ತದೆ. ಆದರೆ ಅದೇ ಕಾರಣಕ್ಕೆ ಯೋಚಿಸಿ: ಆ ಮನೆಯವರೂ ಮುಂದಿನ ಸಾಲಲ್ಲಿ ಇರುತ್ತಾರೆ. ದೂರ ಸಾಕಾಗದೆ ಹೋದರೆ ನಾಟಕವೇ ಇನ್ನೊಂದು ಬೆರಳು ಆಗಬಾರದು. ಇನ್ನು ಕರಾವಳಿಯಲ್ಲಿ ಬಸವಣ್ಣ ಪಾಠಪುಸ್ತಕದ ವಚನದಷ್ಟೇ ಪರಿಚಯ. ಬಿಜ್ಜಳ ಯಾರು, ಶರಣರು ಯಾರು ಎಂದು ಶುರುವಿನಲ್ಲಿ ಹೇಳಬೇಕಾಗುತ್ತದೆ. ದೊಡ್ಡ ತಂಡ, ಎರಡು ತಿಂಗಳಿಗಿಂತ ಜಾಸ್ತಿ ಅಭ್ಯಾಸ ಬೇಕು. ಕಾಲೇಜಿನ ಮಕ್ಕಳಿಗೆ ಚೆನ್ನಾಗಿ ಒಗ್ಗುತ್ತದೆ.

ಗೆಲಿಲಿಯೊ: ಹೆದರಿ ಬಗ್ಗಿದವನ ಕಥೆ

ಜರ್ಮನಿಯ ನಾಟಕಕಾರ ಬ್ರೆಕ್ಟ್ ಇದನ್ನು ಮೊದಲು ಬರೆದದ್ದು 1938ರಲ್ಲಿ, ನಾಜಿಗಳಿಂದ ತಪ್ಪಿಸಿಕೊಂಡು ಹೊರದೇಶದಲ್ಲಿದ್ದಾಗ. ಮಿಲ್ಲರನನ್ನು ಕರೆದ ಅದೇ ಅಮೆರಿಕದ ಸಮಿತಿ ಬ್ರೆಕ್ಟನನ್ನು ಒಂಬತ್ತು ವರ್ಷ ಮೊದಲೇ, 1947ರ ಅಕ್ಟೋಬರ್ 30ರಂದು, ಕರೆದಿತ್ತು. ಉತ್ತರ ಹೇಳಿ ಮರುದಿನವೇ ಅವನು ಅಮೆರಿಕ ಬಿಟ್ಟ. ಒಬ್ಬ ನಿಂತು ಎದುರಿಸಿದ, ಒಬ್ಬ ಜಾಣತನದಿಂದ ದಾಟಿಕೊಂಡ. ಅವರವರ ನಾಟಕದಲ್ಲೂ ಹಾಗೆಯೇ. ಪ್ರಾಕ್ಟರ್ ತಾನು ಸಹಿ ಹಾಕಿದ ತಪ್ಪೊಪ್ಪಿಗೆಯ ಕಾಗದ ಹರಿದು ಗಲ್ಲಿಗೆ ನಡೆಯುತ್ತಾನೆ. ಭೂಮಿಯೇ ಸೂರ್ಯನ ಸುತ್ತ ಸುತ್ತುತ್ತದೆ ಎಂದ ವಿಜ್ಞಾನಿ ಗೆಲಿಲಿಯೊ 1633ರಲ್ಲಿ, ಚರ್ಚಿನವರು ಹಿಂಸೆಯ ಸಲಕರಣೆ ತೋರಿಸಿದ ಕೂಡಲೇ, ತನ್ನ ಮಾತು ಹಿಂತೆಗೆದುಕೊಳ್ಳುತ್ತಾನೆ, ಆಮೇಲೆ ಕದ್ದು ಕೂತು ಪುಸ್ತಕ ಬರೆಯುತ್ತಾನೆ. ನಮ್ಮಲ್ಲಿ ಹೆಚ್ಚಿನವರು ಪ್ರಾಕ್ಟರ್ ಅಲ್ಲ, ಗೆಲಿಲಿಯೊ. ಮೆಟ್ಟಿಲ ಮೇಲೆ ಸುಮ್ಮನೆ ನಿಂತವನಾಗಿ ನಾನು ಇದನ್ನು ಹೇಳುತ್ತಿದ್ದೇನೆ. ಅದಕ್ಕೇ ಈ ನಾಟಕ ನನಗೆ ಬಹಳ ಹತ್ತಿರ.

ಅದರಲ್ಲಿ ಒಂದು ದೃಶ್ಯ ಯಕ್ಷಗಾನದಲ್ಲಿ ವೇಷ ಕಟ್ಟುವ ಚೌಕಿ ಕಂಡವರಿಗೆ ಹೇಳಿ ಮಾಡಿಸಿದ್ದು. ಹೊಸ ಪೋಪ್ ಗಣಿತ ಬಲ್ಲವನು, ಗೆಲಿಲಿಯೊ ಮೇಲೆ ಪ್ರೀತಿ ಇದ್ದವನು. ಅವನಿಗೆ ವೇಷ ತೊಡಿಸುತ್ತಿರುತ್ತಾರೆ. ಬರೀ ಒಳಂಗಿಯಲ್ಲಿದ್ದಾಗ ಆಗುವುದಿಲ್ಲ, ಬಿಡುವುದಿಲ್ಲ ಅನ್ನುತ್ತಾನೆ. ಒಂದೊಂದು ಬಟ್ಟೆ ಮೈಗೇರಿದ ಹಾಗೆ ಮಾತು ತಗ್ಗುತ್ತದೆ. ಪೂರ್ತಿ ವೇಷ ಆದಾಗ ಸಲಕರಣೆ ತೋರಿಸಿ ಎಂದು ಒಪ್ಪಿಬಿಡುತ್ತಾನೆ. ಮುಂಡಾಸು ಕಟ್ಟಿ, ಭುಜಕೀರ್ತಿ ಏರಿಸಿದ ಮೇಲೆ ಮನುಷ್ಯನ ನಡೆಯೇ ಬದಲಾಗುವುದನ್ನು ನೋಡಿದ ನಮ್ಮ ಜನರಿಗೆ ಇದಕ್ಕೆ ವಿವರಣೆ ಬೇಡ.

ಕಷ್ಟ ಏನೆಂದರೆ, ಇದರಲ್ಲಿ ಚರ್ಚೆ ಜಾಸ್ತಿ. ಭೂಮಿ ಸುತ್ತುತ್ತದೋ ಸೂರ್ಯನೋ ಎಂಬ ಮಾತು ಉದ್ದಕ್ಕೆ ಹೋಗುತ್ತದೆ, ಹಿಂದಿನ ಸಾಲಿನವರು ಎದ್ದು ಚರುಮುರಿ ಅಂಗಡಿಗೆ ಹೋಗುತ್ತಾರೆ. ಬಯಲಿಗಿಂತ ಹಾಲ್ ಒಳಗೆ, ಶಾಲೆಯಲ್ಲಿ ಚೆನ್ನ. ಬ್ರೆಕ್ಟ್ ತೀರಿಕೊಂಡದ್ದು 1956ರಲ್ಲಿ, ಮೂಲಕ್ಕೆ ನಮ್ಮಲ್ಲಿ ಈಗ ಹಕ್ಕಿನ ತೊಂದರೆ ಇಲ್ಲ. ಆದರೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ.

ಕೈಯಲ್ಲಿ ದುಡ್ಡೂ ಇಲ್ಲ, ಜನವೂ ಇಲ್ಲ ಅಂದರೆ

ಬೇಸರ ಬೇಡ. ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ತಾಳಮದ್ದಳೆ ಇಡಿ. ಪ್ರಹ್ಲಾದ ಚರಿತ್ರೆ. ಅದು ಚರಿತ್ರೆಯಲ್ಲ, ಪುರಾಣ, ನಿಜ. ಆದರೆ ಒಂದು ಹೆಸರನ್ನು ಉಚ್ಚರಿಸಿದ್ದಕ್ಕೆ ಮಗನನ್ನೇ ಕೊಲ್ಲ ಹೊರಟ ಅರಸನ ಭಯವನ್ನು ಒಳ್ಳೆಯ ಅರ್ಥಧಾರಿ ಬಿಡಿಸಿ ಇಟ್ಟರೆ ಬೇರೇನೂ ಬೇಡ. ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆ ನಮ್ಮದು, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿದ ಕಿವಿಗಳು ಇನ್ನೂ ಇವೆ. ಭಾಗವತರು, ಚೆಂಡೆ ಮದ್ದಳೆ, ನಾಲ್ವರು ಅರ್ಥಧಾರಿಗಳು, ಒಂದು ಮೈಕ್ ಸೆಟ್, ಆಯಿತು. ಗುಂಪಿನ ಮನಸ್ಸು ಮಾತ್ರ ಇದರಲ್ಲಿ ಸಿಗುವುದಿಲ್ಲ.

ಇನ್ನೊಂದು, ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ'. ಏಸುವಿನ ಕೊನೆಯ ದಿನದ ಕಾವ್ಯ. ಐದು ಜನ ದೀಪದ ಬೆಳಕಿನಲ್ಲಿ ಕೂತು ಓದಿದರೂ ಸಾಕು. ಪೈಗಳು ತೀರಿಕೊಂಡದ್ದು 1963ರಲ್ಲಿ, ಹಾಗಾಗಿ ಈಗ ಯಾರ ಅನುಮತಿಯೂ ಬೇಡ. ಕನ್ನಡ ಗಟ್ಟಿ, ಮಕ್ಕಳು ತಡವರಿಸುತ್ತಾರೆ. ಓದಲು ಬಲ್ಲ ಒಬ್ಬ ಟೀಚರ್ ಇದ್ದರೆ ಮಾತ್ರ ಕೈ ಹಾಕಿ.

ಯಾರಿಗೆ 'ದಿ ಕ್ರೂಸಿಬಲ್' ಅಂದರೆ, ಆರೇಳು ಹುಡುಗಿಯರು ಸಂಜೆ ನಾಲ್ಕಕ್ಕೆ ಬರುತ್ತಾರೆ ಎಂಬ ಭರವಸೆ ಇರುವ ಹೈಯರ್ ಸೆಕೆಂಡರಿ ಶಾಲೆಗೆ, ಕುಟುಂಬಶ್ರೀ ಮಹಿಳಾ ಸಂಘದ ಅಕ್ಕಂದಿರು ಜೊತೆ ಸೇರುವ ವಾಚನಾಲಯಕ್ಕೆ. ನನ್ನನ್ನು ಕೇಳಿದರೆ, ಇದಕ್ಕಾಗಿ ಒಂದು ವರ್ಷ ಕಾದರೂ ನಷ್ಟವಿಲ್ಲ. ಗಂಡಸರ ತಂಡಕ್ಕೆ 'ತುಘಲಕ್'. ಕಾಲೇಜಿಗೆ 'ತಲೆದಂಡ'. ಹಾಲ್ ಇದ್ದು ನೂರು ಜನ ಬಂದರೆ ಸಾಕು ಅನ್ನುವವರಿಗೆ 'ಗೆಲಿಲಿಯೊ'.

ಯಾವುದೇ ಆರಿಸಿ, ಮಲಯಾಳಂ ಮನೆಮಾತಿನ ನೆರೆಯವರನ್ನು ಮರೆಯಬೇಡಿ. ಪ್ರತಿ ಅಂಕದ ಮೊದಲು ಒಬ್ಬರು ಪರದೆಯ ಮುಂದೆ ಬಂದು ಎರಡು ನಿಮಿಷ ಮಲಯಾಳಂನಲ್ಲಿ ಕಥೆ ಹೇಳಲಿ. ನಮ್ಮಲ್ಲಿ ಹಾಗೆ ಮಾಡಿದ ಮೇಲೆ ಯಾರೂ ನಡುವೆ ಎದ್ದು ಹೋಗಲಿಲ್ಲ.

ನಟರಿಗೆ ಒಂದು ಹೆಸರು ಹೇಳಿಕೊಡಿ: ಸ್ನೇಹಲತಾ ರೆಡ್ಡಿ. 'ಸಂಸ್ಕಾರ' ಸಿನಿಮಾದ ಚಂದ್ರಿ, ಮದರಾಸಿನ ನಾಟಕ ತಂಡದವರು. 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಅವರನ್ನು ಹಿಡಿದು ಬೆಂಗಳೂರಿನ ಜೈಲಿನಲ್ಲಿ ಇಟ್ಟರು. ಉಬ್ಬಸ ಇದ್ದವರು. ಪೆರೋಲಿನ ಮೇಲೆ ಹೊರಗೆ ಬಂದವರು 1977ರ ಜನವರಿಯಲ್ಲಿ ತೀರಿಕೊಂಡರು. ಸೇಲಂ ದೂರದ ಊರು ಅನ್ನುವ ಹುಡುಗರಿಗೆ ನಾನು ಇದನ್ನು ಹೇಳುತ್ತೇನೆ.

ಇನ್ನೂ ತೀರ್ಮಾನ ಆಗದಿದ್ದರೆ ಹೀಗೆ ಮಾಡಿ. ಮೂರು ಸಂಜೆ ಇಟ್ಟುಕೊಳ್ಳಿ. ಮೊದಲ ಸಂಜೆ 'ದಿ ಕ್ರೂಸಿಬಲ್'ನ ಗೊಂಬೆಯ ದೃಶ್ಯ, ಎರಡನೆಯದು 'ತುಘಲಕ್'ನ ಪ್ರಾರ್ಥನೆಯ ದೃಶ್ಯ, ಮೂರನೆಯದು 'ಗೆಲಿಲಿಯೊ'ವಿನ ಪೋಪ್ ವೇಷ ತೊಡುವ ದೃಶ್ಯ. 'ತಲೆದಂಡ'ದ ಕಡೆ ಮನಸ್ಸಿದ್ದರೆ ಒಂದನ್ನು ಬಿಟ್ಟು ಅದರ ಡಂಗುರ ಸೇರಿಸಿ. ಅಭಿನಯ ಬೇಡ. ಕುರ್ಚಿ ಸುತ್ತ ಇಟ್ಟು, ಝೆರಾಕ್ಸ್ ಹಾಳೆ ಹಿಡಿದು, ಸುಮ್ಮನೆ ಓದಿ. ಅಂಗಡಿಯವರು, ರಿಕ್ಷಾದವರು, ಚಾ ತಂದವರು ಯಾರಿದ್ದರೂ ಕೂರಿಸಿ. ಓದು ಮುಗಿದ ಮೇಲೆ ನೀವು ಮಾತಾಡಬೇಡಿ. ಯಾವ ಸಂಜೆ ಚಾ ತಣ್ಣಗಾಗುವ ತನಕ ಯಾರೂ ಗ್ಲಾಸ್ ಎತ್ತುವುದಿಲ್ಲವೋ, ಆ ನಾಟಕದ ಹೆಸರನ್ನು ನೋಟೀಸಿಗೆ ಕೊಡಿ.